ದಾಯಾದಿಯ ಪಾಲು

ವಿಜ್ಞಾನದ ಮೇಷ್ಟ್ರು ಅಮರನಾಥ್‌ಗೆ ಶನಿವಾರ ಒಪ್ಪತ್ತು. ಅವತ್ತೂ ಆಂಜನೇಯನಿಗೆ ಕೈಮುಗಿದು, ಹಣೆಗೆ ಸಿಂಧೂರ ಇಟ್ಟುಕೊಂಡೇ ಬೈರಕೂರಿನಾಚೆಯ ತಮ್ಮ ಹೈಸ್ಕೂಲಿಗೆ ಬಂದಿದ್ದರು. ಜೀವವಿಕಾಸದ ಪಾಠ ಶುರುಮಾಡಿದ್ದರಷ್ಟೇ, ಕೋತಿಯೊಂದು ಕಿಟಕಿಯಿಂದ ಕೈಚಾಚಿ, ಮೇಜಿನ ಮೇಲಿದ್ದ ಅವರ ಎರಡೂ ಬಾಳೆಹಣ್ಣು ಎತ್ತಿಕೊಂಡು ಹೋಯಿತು. ಕಿಟಕಿಗೆ ಜಾಲರಿ ಹಾಕಿಸಿ ಎಂದು ಅವರು ಶಾಲಾ ಸಮಿತಿಗೆ ಒಂದು ವರ್ಷ ಅರ್ಜಿ ಬರೆದಿದ್ದರು. ಜಾಲರಿ ಕೊನೆಗೂ ಬಂದು ಮೂಲೆಯಲ್ಲಿ ಸುರುಳಿಯಾಗಿ ನಿಂತಿತ್ತು. ಸೋಮವಾರ ಬಡಿಯುವುದಿತ್ತು.

ಮೇಘನ ಕೈಯೆತ್ತಿದಳು. “ಸಾರ್, ಬೆಳಿಗ್ಗೆ ಆಂಜನೇಯಂಗೆ ಕೈಮುಗೀತೀರ. ಇಲ್ಲಿ ಬಂದು ಕೋತಿಗೂ ನಮಗೂ ಒಂದೇ ಮೂಲ ಅಂತೀರ. ಯಾವ್ದು ನಿಜ?”

“ಅದು ನನ್ನ ಭಕ್ತಿ, ಇದು ಮಣ್ಣಲ್ಲಿ ಸಿಕ್ಕಿರೋ ಮೂಳೆಗಳ ಸಾಕ್ಷಿ. ಎರಡನ್ನೂ ಹೊತ್ಕೊಂಡೇ ತಿರುಗ್ತೀನಿ ಕಣಮ್ಮ, ಬೆನ್ನೇನೂ ನೋವಿಲ್ಲ.”

ತಮ್ಮ ಮನೆಯಲ್ಲಿ ಎಲ್ಲರೂ ಆದಮನ ಮಕ್ಕಳು ಅನ್ನುತ್ತಾರೆ, ತಾನೂ ನಂಬುತ್ತೇನೆ ಎಂದ ರಹೀಲ್. ಧಾರಾಳವಾಗಿ ನಂಬು, ಪಾಠ ಏನು ಹೇಳುತ್ತದೆಂದು ತಿಳಿದುಕೊಂಡು ಆಮೇಲೆ ಬೇಡವೆನ್ನು ಎಂದರು ಮೇಷ್ಟ್ರು. ಆ ಕ್ಲಾಸಿಗೆ ಒಂದೇ ಕಟ್ಟಳೆ: ಎದುರಾಡುವ ಮುಂಚೆ, ಎದುರಿನವರು ಹೌದೆಂದು ತಲೆಯಾಡಿಸುವ ಹಾಗೆ ಅವರ ಮಾತನ್ನು ತಿರುಗಿ ಹೇಳಬೇಕು.

ಬಿಡುವಿನ ಬೆಲ್ಲಾಯಿತು. ಸುದ್ದಿ ನಲ್ಲಿಯ ಹತ್ತಿರ ‘ಮೇಷ್ಟ್ರು ದೇವರನ್ನು ಬೈದರು’ ಎಂದಾಯಿತು. ಬೋಂಡದ ಅಂಗಡಿ ಮುಟ್ಟುವಷ್ಟರಲ್ಲಿ ಅವರು ಗುಡಿಗೆ ಬೀಗ ಹಾಕಿಸಲು ಹೊರಟಿದ್ದರು. ಸಮಿತಿಯ ಅಧ್ಯಕ್ಷ ಶ್ರೀನಿವಾಸಪ್ಪ ಟವೆಲ್ ಕೊಡವುತ್ತಾ ಬಂದೇಬಿಟ್ಟರು.

ಕ್ಷಮೆ ಕೇಳಿ ಈ ಪಾಠ ಬಿಟ್ಟುಬಿಡಿ, ಇಲ್ಲದಿದ್ದರೆ ವರ್ಗಾವಣೆಯ ಕಾಗದ ಗ್ಯಾರಂಟಿ ಎಂದು ಹೆಡ್‌ಮೇಡಂ ಶಾಮಲಮ್ಮ ಮೇಷ್ಟ್ರ ಕಿವಿಯಲ್ಲಿ ಗೋಗರೆದರು.

“ದೇವರನ್ನ ನಾನು ಬೈದಿಲ್ಲ, ಪಾಠಾನೂ ಬಿಡಲ್ಲ,” ಎಂದರು ಅಮರನಾಥ್, ಎಲ್ಲರಿಗೂ ಕೇಳುವಂತೆ. “ಯಜಮಾನ್ರು ಬೆಂಚ್ ಮೇಲೆ ಕೂತು ಕೇಳ್ಲಿ. ಕಟ್ಟಳೆ ಅವರಿಗೂ ಒಂದೇ.”

ಶ್ರೀನಿವಾಸಪ್ಪ ಮಂಕರಿಗೆ ತುರುಕಿದ ಕುಂಬಳಕಾಯಿಯ ಹಾಗೆ ಕೊನೆಯ ಬೆಂಚಿನಲ್ಲಿ ಕೂತರು. ಪಾಠ ಮುಗಿಯಿತು. ಕೋತಿಯೇ ಮನುಷ್ಯನಾಯಿತು ಅಂತ ತಾನೇ ಇವರು ಹೇಳೋದು ಎಂದು ಗುಡುಗಿದರು. ಮಕ್ಕಳು ಇಲ್ಲವೆಂದು ತಲೆಯಾಡಿಸಿದರು. ಇನ್ನೊಮ್ಮೆ ಹೇಳಿದರು, ಮತ್ತೂ ಇಲ್ಲ. ಮೂರನೇ ಸಲ ಬೆವರು ಒರೆಸಿಕೊಂಡು, “ಒಂದೇ ಮನೆ ಎರಡು ಕವಲಾಯ್ತು. ಒಂದು ನಾವು, ಒಂದು ಅವು. ಸರೀನಾ?” ಎಂದರು. ಇಡೀ ಕ್ಲಾಸು ಹೌದೆಂದಿತು.

“ಈಗ ನಿಮ್ಮ ತಕರಾರು ಹೇಳಿ,” ಎಂದರು ಮೇಷ್ಟ್ರು, ಎದೆ ಸೆಟೆಸಿ.

“ತಕರಾರೇನಪ್ಪಾ,” ಶ್ರೀನಿವಾಸಪ್ಪ ಹೆಗಲ ಟವೆಲ್ ಇಳಿಸಿ ಕಿಟಕಿಯ ಕಡೆ ಕೈಮುಗಿದರು. “ಆಂಜನೇಯ ಸ್ವಾಮಿ ಕುಲದೋರು ನಮ್ಗೆ ದಾಯಾದಿಗಳು ಅಂತ ಇಷ್ಟು ದಿನ ಒಬ್ರೂ ಹೇಳ್ಲಿಲ್ವಲ್ಲ.”

ಶಾಮಲಮ್ಮ ಉಸಿರುಬಿಟ್ಟರು. ಅಮರನಾಥ್ ಗೆದ್ದ ಪೈಲ್ವಾನನ ಹಾಗೆ ಸೀಮೆಸುಣ್ಣ ಎತ್ತಿಕೊಂಡರು.

ಶ್ರೀನಿವಾಸಪ್ಪ ಹೊರಡುತ್ತಾ ಮೂಲೆಯ ಜಾಲರಿ ನೋಡಿ ನಿಂತರು. “ದಾಯಾದಿ ಬರೋ ದಾರಿಗೆ ಬೇಲೀನಾ?” ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿದರು. “ಇನ್ಮೇಲೆ ಹಣ್ಣು ಎರಡು ಜಾಸ್ತಿ ತನ್ನಿ ಮೇಷ್ಟ್ರೇ. ಪಾಲು ಪಾಲೇ.”

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮೇಘನ ಕೈಯೆತ್ತಿದ್ದಳು. “ಸಾರ್, ಎದುರಾಡೋಕೆ ಮುಂಚೆ ಅವರು ಹೇಳಿದ್ದನ್ನ ತಿರುಗಿ ಹೇಳ್ಬೇಕು.”

ಚುರುಗುಟ್ಟುವ ಹೊಟ್ಟೆ ಹಿಡಿದುಕೊಂಡು ಮೇಷ್ಟ್ರು ತಿರುಗಿ ಹೇಳಿದರು, ಒಂದಕ್ಷರ ಬಿಡದೆ. ಕಿಟಕಿಯ ಮೇಲೆ ಸಿಪ್ಪೆ ಹಿಡಿದು ಕೂತಿದ್ದ ದಾಯಾದಿ ತಲೆಯಾಡಿಸಿತು.