ಸೂಲಗಿತ್ತಿಯೂ ನನ್ನ ತೆಲುಗೂ

ತನಗೆ ಗೊತ್ತಿರುವ ಕೆಲಸ ಮಾಡಲು ಹಿಂಜರಿಯುವ ಗಂಡಸು, ಗೊತ್ತಿಲ್ಲದ ಕೆಲಸದಲ್ಲಿ ಸಲಹೆ ಕೊಡಲು ಎಂದೂ ಹಿಂಜರಿಯುವುದಿಲ್ಲ. ಅನುಭವದಿಂದಲೇ ಹೇಳುತ್ತಿದ್ದೇನೆ. ನಾನು ಆರಿಸಿ ತಂದ ಬದನೆಕಾಯಿಯಲ್ಲಿ ಅರ್ಧ ಹುಳುಕಿರುತ್ತವೆಂದು ನಮ್ಮ ಮನೆಯಲ್ಲಿ ಸಂತೆಯ ಚೀಲವನ್ನು ನನ್ನ ಕೈಗೆ ಕೊಡುವುದನ್ನೇ ಬಿಟ್ಟಿದ್ದಾರೆ. ಅಂಥ ನಾನು ಹೆಂಡತಿ ಉಮಾಳ ಚೊಚ್ಚಲ ಹೆರಿಗೆಗೆ ಸೂಲಗಿತ್ತಿಯನ್ನು ಆರಿಸಲು ಹೊರಟೆ.

ನಾನು ಹುಟ್ಟುವಾಗ ಆಂಧ್ರದ ಗಡಿಯ ನಮ್ಮೂರು ಪೆದ್ದಕಡುಬೂರಿನಲ್ಲಿ ಹನುಮವ್ವ ಎಂಬ ಒಬ್ಬಳೇ ಸೂಲಗಿತ್ತಿ ಇದ್ದಳು. ಆರಿಸುವ ಮಾತೇ ಇರಲಿಲ್ಲ. ಈಗ ನಾವಿರುವುದು ಆದೋನಿಯಲ್ಲಿ. ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಡಾಕ್ಟರಮ್ಮನ ಜೊತೆ ಹೆರಿಗೆಯ ಕೆಲಸವನ್ನೇ ಕಲಿತ ಸಿಸ್ಟರುಗಳಿದ್ದಾರೆ. ತಪಾಸಣೆಯಿಂದ ಹೆರಿಗೆಯ ತನಕ ನೋಡಿಕೊಳ್ಳಲು ಒಬ್ಬರನ್ನು ನಾವೇ ಆರಿಸಿ ಹೇಳಬಹುದು. ಇದ್ದವರು ಇಬ್ಬರು. ನಂದವರಂ ಕಡೆಯ ಹಂಪಮ್ಮ ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡದವರು. ಕೃಷ್ಣಾ ತೀರದಿಂದ ಬಂದ ಪದ್ಮಾ ಸಿಸ್ಟರಿಗೆ ಕನ್ನಡದ ಗಂಧವಿಲ್ಲ.

"ನನಗ ಹಂಪಮ್ಮನ ಇರ್ಲಿರಿ," ಎಂದಳು ಉಮಾ. "ಬ್ಯಾನಿ ಬಂದಾಗ ನಾ ಕನ್ನಡದಾಗ ಒದರತೀನಿ. ಏನ್ ಒದರಾಕ ಹತ್ತೀನಿ ಅಂತ ಮುಂದ ನಿಂತಾಕಿಗಿ ತಿಳೀಬೇಕಲ್ಲ."

ಎಷ್ಟು ಸರಿಯಾದ ಮಾತು! ಆದರೆ ನಾನು ಮೇಷ್ಟರು. ಪ್ರಶ್ನೆಪತ್ರಿಕೆ ಇಲ್ಲದೆ ಯಾರನ್ನೂ ಪಾಸು ಮಾಡಿದವನಲ್ಲ. ಹನ್ನೆರಡು ಪ್ರಶ್ನೆ ಬರೆದುಕೊಂಡು ಹೋದೆ. ಹಂಪಮ್ಮ ಮೂರನೆಯ ಪ್ರಶ್ನೆಗೇ ನಕ್ಕುಬಿಟ್ಟರು. "ಹಡಿಯಾಕಿ ನೀವಾ ಏನ್ರಿ ಸಾರ್?" ಎಂದರು. ಪದ್ಮಾ ಸಿಸ್ಟರು ಮಾತ್ರ ಪ್ರತಿ ಪ್ರಶ್ನೆಗೂ "ಮಂಚಿ ಪ್ರಶ್ನ ಸಾರ್" ಎಂದು ತಲೆದೂಗಿದರು. ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಯಾರೂ ನನ್ನದು ಒಳ್ಳೆಯ ಪ್ರಶ್ನೆ ಅಂದಿರಲಿಲ್ಲ. ಅಲ್ಲಿಗೆ ಆಯ್ಕೆ ಮುಗಿಯಿತು. "ಭಾಷೆಗೆ ನಾನಿದ್ದೇನಲ್ಲ, ತೆಲುಗು ಮಾಡಿ ಹೇಳುತ್ತೇನೆ," ಎಂದು ಉಮಾಳಿಗೆ ಭರವಸೆ ಕೊಟ್ಟೆ. ಹತ್ತನೆಯ ತರಗತಿಯವರೆಗೆ ತೆಲುಗಿನಲ್ಲೇ ಓದಿದ ಅವಳು ನನ್ನ ಮುಖ ನೋಡಿ ನಕ್ಕು ಒಳಗೆ ಹೋದಳು.

ಒಂದು ಭಾನುವಾರ, ಊಟದ ಹೊತ್ತಿಗೆ ಸರಿಯಾಗಿ ನೋವು ಕಾಣಿಸಿಕೊಂಡಿತು. ನಾನು ಫೋನು ಹಿಡಿದು ಕೂಗಿದೆ: "ಸಿಸ್ಟರ್, ನೊಪ್ಪುಲು ಚಾಲು!"

ನಮ್ಮ ಕನ್ನಡದಲ್ಲಿ ಚಾಲು ಎಂದರೆ ಶುರು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಇದು ನನಗೆ ಗೊತ್ತಿಲ್ಲವೆಂದಲ್ಲ. ಮದುವೆಯ ಪಂಕ್ತಿಯಲ್ಲಿ ಅನ್ನ ಬಡಿಸುವವನಿಗೆ ಚಾಲು ಚಾಲು ಎಂದು ಕೈ ಅಡ್ಡ ಹಿಡಿದೇ ಬೆಳೆದವನು ನಾನು. ಆದರೆ ಗಾಬರಿಯಾದ ಮನುಷ್ಯನ ಬಾಯಿಗೆ ಅವನ ಅವ್ವನ ಭಾಷೆಯೇ ಬರುತ್ತದೆ. ನೋವು ಸಾಕಾಯಿತು, ನಿಂತಿತು ಎಂದುಕೊಂಡ ಸಿಸ್ಟರು, "ಅವುನಾ? ಅಯಿತೇ ಪಡುಕೋಮನಂಡಿ" ಎಂದರು. ನಾನು ಅದನ್ನು ನಿಷ್ಠೆಯಿಂದ ಅನುವಾದಿಸಿ ಉಮಾಳಿಗೆ ಮಲಗಲು ಹೇಳಿದೆ.

ಅರ್ಧ ತಾಸು ಕಳೆಯಿತು. ಉಮಾ ಮಂಚದ ಪಟ್ಟಿ ಹಿಡಿದು ಹಲ್ಲು ಕಚ್ಚುತ್ತಿದ್ದಳು. "ಬ್ಯಾನಿ ತಿಂತಿದ್ದಾಕಿಗಿ ಮಲಕ್ಕೋ ಅಂತಾಳಂದ್ರ ಅದ್ಯಾವ ಸೂಲಗಿತ್ತಿನೋ ನಿಂದು!" ಎಂದು ನನ್ನ ಅವ್ವ ಹರಿಹಾಯ್ದಳು. "ನೀವು ಫೋನಿನ್ಯಾಗ ಏನಂದ್ರಿ?" ಎಂದು ಉಮಾ ಕೇಳಿದಳು. ನಾನು ಅಂದದ್ದನ್ನೇ ಹೇಳಿದೆ. ಹೇಳುತ್ತಿರುವಾಗಲೇ ನನಗೆ ಅರ್ಥವಾಯಿತು. ಅವಳಿಗೇನಾದರೂ ಆದರೆ ಎಂಬ ಹೆದರಿಕೆ ಅವತ್ತು ಬಂದಂತೆ ಮತ್ತೆಂದೂ ಬಂದಿಲ್ಲ. ಉಮಾಳೇ ಫೋನು ಕಿತ್ತುಕೊಂಡು, "ಸಿಸ್ಟರ್, ನೊಪ್ಪುಲು ಮೊದಲಯ್ಯಾಯಿ, ವಸ್ತುನ್ನಾಂ" ಎಂದು, ನೋವು ಶುರುವಾಗಿದೆ, ಬರುತ್ತಿದ್ದೇವೆ ಎಂಬುದನ್ನು ಅಚ್ಚ ತೆಲುಗಿನಲ್ಲಿ ಹೇಳಿ, ಆಟೋ ತರಲು ನನ್ನನ್ನು ಓಡಿಸಿದಳು.

ನರ್ಸಿಂಗ್ ಹೋಮಿನಲ್ಲಿ ಅವ್ವ ಉಮಾಳ ಜೊತೆ ಹೆರಿಗೆ ಕೋಣೆಗೆ ಹೋದಳು. ದುಭಾಷಿಯನ್ನು ಬಾಗಿಲಾಚೆಯೇ ನಿಲ್ಲಿಸಿದರು. ಸಂಜೆ ಹೆಣ್ಣುಮಗು ಹುಟ್ಟಿತು. "ನಾ ಒದರಿದ್ದು ಆಕಿಗಿ ತಿಳೀಲಿಲ್ಲರಿ, ಆದ್ರ ಹಿಡದ ಕೈ ಬಿಡ್ಲಿಲ್ಲ ಪುಣ್ಯಾತಗಿತ್ತಿ," ಎಂದಳು ಉಮಾ. ನನಗೆ ಕಣ್ಣು ತುಂಬಿ ಬಂತು. ಆಯ್ಕೆ ನನ್ನದೇ ಅಲ್ಲವೇ ಎಂದು ಮೀಸೆ ತಿರುವುವಷ್ಟರಲ್ಲಿ ಪದ್ಮಾ ಸಿಸ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ಅಮ್ಮಾಯಿ ಗಂಟ, ಗಂಟ ಅನಿ ಒಕಟೇ ಅರಿಚಿಂದಿ. ಗುಡಿ ಗಂಟಾ ಸಾರ್?" ಎಂದು ಕೇಳಿದರು. ತೆಲುಗಿನಲ್ಲಿ ಗಂಟ ಎಂದರೆ ಗಂಟೆ. ಹುಡುಗಿ ಒಂದೇ ಸಮನೆ ಗಂಟ ಗಂಟ ಎಂದು ಕೂಗಿದಳಲ್ಲ, ಅದು ಗುಡಿಯ ಗಂಟೆಯೇ ಎಂದು ಅವರ ಪ್ರಶ್ನೆ.

ಅವ್ವನ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಎಲ್ಲಿ ಗಂಟ ಬಿದ್ದ್ಯೋ ಮೂಳಾ ಅಂತ ನಿನಗ ಬೈದಾಳಪಾ," ಎಂದು ಮೆಲ್ಲಗೆ ಹೇಳಿದಳು. ಮದುವೆಯಾದಂದಿನಿಂದ 'ರೀ' ಬಿಟ್ಟು ಮಾತಾಡದ ಹೆಂಡತಿ! ದುಭಾಷಿಯಾಗಿ ನನಗೆ ಸಿಕ್ಕ ಕೊನೆಯ ಅವಕಾಶ ಅದು. "ಅವುನು ಸಿಸ್ಟರ್, ಗುಡಿ ಗಂಟೇ. ಮಾ ಇಂಟಿ ಪ್ರಾರ್ಥನ," ಎಂದು ಆ ಬೈಗುಳವನ್ನು ನಮ್ಮ ಮನೆಯ ಪ್ರಾರ್ಥನೆ ಮಾಡಿಬಿಟ್ಟೆ.

ಮಗುವಿಗೆ ಲಸಿಕೆ ಹಾಕಿಸಲು ಹೋದ ದಿನ ಬಸುರಿಯರು ಸಾಲಾಗಿ ಕುಳಿತಿದ್ದರು. ನಮ್ಮನ್ನು ಕಂಡ ಪದ್ಮಾ ಸಿಸ್ಟರು ಅವರಿಗೆಲ್ಲ ಈ ಮನೆಯವರ ಪ್ರಾರ್ಥನೆ ಬಹಳ ಒಳ್ಳೆಯದು, ಸುಖವಾಗಿ ಹೆರಿಗೆಯಾಗುತ್ತದೆ ಎಂದು ತೆಲುಗಿನಲ್ಲಿ ಹೇಳಿ, ನನ್ನ ಕಡೆ ತಿರುಗಿ, ಕೈಜೋಡಿಸಿ, ಅಂದು ಕೇಳಿ ಕೇಳಿ ಬಾಯಿಪಾಠವಾದದ್ದನ್ನು ಒಂದಕ್ಷರ ತಪ್ಪದೆ ಅಂದರು: "ಎಲ್ಲಿ ಗಂಟ ಬಿದ್ದ್ಯೋ ಮೂಳಾ!" ಸಾಲಿನಲ್ಲಿ ಕನ್ನಡ ಬಲ್ಲವರೆಲ್ಲ ನನ್ನತ್ತ ತಿರುಗಿದರು. ನಾನು ಭಕ್ತಿಯಿಂದ ಕೈಮುಗಿದೆ. ಪಕ್ಕದಲ್ಲಿ ಉಮಾ ಕಣ್ಣು ಮುಚ್ಚಿಕೊಂಡು, ಇನ್ನೊಂದು ಸಲ ಹೇಳಿ ಎಂದು ಸಿಸ್ಟರನ್ನು ತೆಲುಗಿನಲ್ಲಿ ಬೇಡಿಕೊಂಡಳು.