ಅಧ್ಯಕ್ಷರಿಗೂ ಕ್ರಿಯಾಪದಕ್ಕೂ ನಡುವೆ

ಇಂಗ್ಲಿಷ್ ವಾಕ್ಯದಲ್ಲಿ ಒಬ್ಬರ ಹೆಸರಿಗೂ ಅವರು ಮಾಡುವ ಕೆಲಸಕ್ಕೂ ನಡುವೆ ಇನ್ನೊಂದು ಪದ ಕೂರುವಷ್ಟು ಜಾಗವಿರುತ್ತದೆ. ನೀರು ಸರಬರಾಜು ಮಂಡಳಿಯಲ್ಲಿ ಈ ಜಾಗ ಬಹುಕಾಲ ಖಾಲಿ ಬಿದ್ದಿತ್ತು. ಖಾಲಿ ಜಾಗ ಒತ್ತುವರಿಯಾಗುವುದು ಲೋಕಾರೂಢಿ. ಆದ್ದರಿಂದ ಮುಂದೆ ನಡೆದದ್ದರಲ್ಲಿ ಯಾರ ತಪ್ಪೂ ಇಲ್ಲ.

ಮಂಡಳಿಯ ಇಂಗ್ಲಿಷ್ ಪತ್ರಗಳಿಗೆಲ್ಲ ಕರಡು ಬರೆಯುತ್ತಿದ್ದವಳು ಒಬ್ಬಳೇ. ಎದುರಿಗೆ ಅವಳನ್ನು ಕರಡಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ ಕರಡಿ. ಎರಡಕ್ಕೂ ಅವಳು ಓಗೊಡುತ್ತಿದ್ದಳು. ಗಂಡ ಹಡಗಿನ ಕೆಲಸದವನು, ಮನೆಗೆ ಬರುವುದಕ್ಕಿಂತ ಫೋನಿಗೆ ಬರುವುದೇ ಹೆಚ್ಚು. ಪಂಪ್‌ಹೌಸಿನ ಹಿಂದಿನ ತಗ್ಗು ಬೀದಿಯಲ್ಲಿ ಅವಳೂ ಮಂಡಿನೋವಿನ ಅತ್ತೆಯೂ ಇದ್ದರು.

ಅಧ್ಯಕ್ಷರು ಹೊಸ ಟ್ಯಾಂಕ್ ಉದ್ಘಾಟಿಸಿದ ದಿನ ಎಲ್ಲ ಶುರುವಾಯಿತು. ಭಾಷಣದ ನಡುವೆ ಕಣಜದ ಹುಳುಗಳು ಗೂಡಿನಿಂದ ಎದ್ದು, ಅಧ್ಯಕ್ಷರು ಮೈಕು ಬಿಟ್ಟು ಹೊರಟರು. ಕರಡಮ್ಮ ಕಂಡದ್ದನ್ನು ಕಂಡಂತೆ ವರದಿಯಲ್ಲಿ ಬರೆದಳು: ಅಧ್ಯಕ್ಷರ ಹೆಸರು, ಅದರ ಮುಂದೆ ‘ಸಡನ್ಲಿ ಲೆಫ್ಟ್’. (ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಕನ್ನಡದಲ್ಲಿ ಅದರ ಪಕ್ಕ ಕೂರಬೇಕಾದ ಪದ ಇನ್ನೂ ಮಂಜೂರಾಗಿಲ್ಲ.)

ಅಧ್ಯಕ್ಷರು ಅವಳನ್ನು ಕರೆಸಿದರು.

“ಏನಮ್ಮಾ, ನಾನು ಸಡನ್ಲಿ ಹೋದೆನಾ?”

“ಹೌದು ಸಾರ್. ಕಣಜ ಬಂತಲ್ಲ.”

“ಸಡನ್ಲಿ ಬಂದದ್ದು ಕಣಜ. ನಾನು ಹೋದದ್ದು ಗ್ರೇಸ್‌ಫುಲ್ಲಿ.”

“ಸಾರ್, ನಿಮ್ಮ ಚಪ್ಪಲಿ ಅಲ್ಲೇ ಉಳಿದಿತ್ತು.”

“ಅದನ್ನೂ ಗ್ರೇಸ್‌ಫುಲ್ಲಿ ಬಿಟ್ಟು ಹೋದೆ.”

ಆ ಸಂಜೆಯೇ ಸುತ್ತೋಲೆ ಹೊರಟಿತು. ‘ಇನ್ನು ಮುಂದೆ ಅಂಕಿತನಾಮಕ್ಕೂ ಕ್ರಿಯಾಪದಕ್ಕೂ ನಡುವೆ ಬರುವ ಕ್ರಿಯಾವಿಶೇಷಣವನ್ನು ಹುದ್ದೆಗನುಗುಣವಾಗಿ ಮಂಜೂರು ಮಾಡತಕ್ಕದ್ದು. ಮಂಜೂರಾಗದ ಕ್ರಿಯಾವಿಶೇಷಣದ ರೀತ್ಯಾ ಯಾರೂ ಯಾವ ಕೆಲಸವನ್ನೂ ಮಾಡತಕ್ಕದ್ದಲ್ಲ. ಕ್ರಿಯಾವಿಶೇಷಣವಿಲ್ಲದೆ ಮಾಡಿದ ಕೆಲಸವನ್ನು ಮಾಡಿಲ್ಲವೆಂದೇ ಭಾವಿಸತಕ್ಕದ್ದು.’

ಗ್ರೇಸ್‌ಫುಲ್ಲಿ, ಪರ್ಸನಲಿ, ಇಮ್ಮೀಡಿಯೆಟ್ಲಿ ಮೂರೂ ಅಧ್ಯಕ್ಷರಿಗೆ ಹೋದವು. ಗುಮಾಸ್ತರಿಗೆಲ್ಲ ಸೇರಿ ಒಂದು ‘ಡ್ಯೂಲಿ’, ಅಂದರೆ ಯಥಾವಿಧಿ, ಬಂತು. ಬೀದಿಬೀದಿಗೆ ನೀರು ಬಿಡುವ ವಾಲ್ವ್‌ಮ್ಯಾನ್‌ಗೆ, ಕೆಳಗಿನ ದರ್ಜೆಯವನಾದ್ದರಿಂದ, ‘ಸ್ಲೋಲಿ’. ಮೇಲ್ವಿಚಾರಕರು ತಮಗೆ ‘ಪ್ರಾಂಪ್ಟ್ಲಿ’ ಬೇಕೆಂದು ಹಟ ಹಿಡಿದು, ಎದೆನೋವಿಗೆ ಡಾಕ್ಟರ ಸರ್ಟಿಫಿಕೇಟನ್ನೂ ಲಗತ್ತಿಸಿದರು. ಅದನ್ನು ಕೂಲಂಕಷವಾಗಿ ಪರಿಶೀಲಿಸಿದ ಮಂಡಳಿ ಅವರಿಗೆ ‘ಪೇಷಂಟ್ಲಿ’ ಮಂಜೂರು ಮಾಡಿತು. ಗಡಿಬಿಡಿಯಲ್ಲಿ ಓಡಿ ಕಡತ ತಂದ ಜವಾನನೊಬ್ಬ, ತನ್ನದಲ್ಲದ ಕ್ರಿಯಾವಿಶೇಷಣ ಬಳಸಿದ ಆಪಾದನೆಯ ಮೇಲೆ ಅಮಾನತಾದ. ಅಲ್ಲಿಂದ ಕಚೇರಿಗೆ ಶಿಸ್ತು ಬಂತು.

ಒಂದು ಬೆಳಿಗ್ಗೆ ವಾಲ್ವ್‌ಮ್ಯಾನ್ ನಿಧಾನವಾಗಿ ಒಳಗೆ ಬಂದು, ನಿಧಾನವಾಗಿ ಹೇಳಿದ: “ಕರಡಮ್ಮಾ, ನಿಮ್ಮ ಬೀದಿ ದೊಡ್ಡ ಪೈಪು ಒಡೆದುಹೋಗಿದೆ. ವಾಲ್ವ್ ಬಂದ್ ಮಾಡೋಕೆ ಆರ್ಡರ್ ಬೇಕು.”

ಅತ್ತೆಯನ್ನು ಹಿಡಿದು ಎಬ್ಬಿಸದಿದ್ದರೆ ಮಂಚದಿಂದ ಇಳಿಯಲಾರರು. ಕರಡಮ್ಮ ಆದೇಶ ಟೈಪು ಮಾಡಿದಳು, ವಾಲ್ವ್‌ಮ್ಯಾನಿನ ಹೆಸರಿನ ಮುಂದೆ ‘ಇಮ್ಮೀಡಿಯೆಟ್ಲಿ’ ಎಂದು ಹಾಕಿದಳು. ಮೇಲ್ವಿಚಾರಕರು ಅದನ್ನು ತಾಳ್ಮೆಯಿಂದ ಓದಿ, ತಾಳ್ಮೆಯಿಂದ ಹೊಡೆದುಹಾಕಿದರು.

“ಇದು ಅಧ್ಯಕ್ಷರದ್ದಲ್ಲವೇನಮ್ಮಾ?”

“ಹಾಗಾದ್ರೆ ಏನೂ ಹಾಕೋದಿಲ್ಲ ಸಾರ್. ಬಂದ್ ಮಾಡು ಅಂತಷ್ಟೇ ಬರೀತೀನಿ.”

“ಬೆತ್ತಲೆ ಕ್ರಿಯಾಪದ! ಆಫೀಸಿನಿಂದ ಹೊರಗೆ ಕಳಿಸೋ ಹಾಗಿದೆಯೇ ಅದನ್ನ?”

‘ಸ್ಲೋಲಿ’ ಎಂದೇ ಆದೇಶ ಹೋಯಿತು. ಅಷ್ಟರಲ್ಲಿ ಅತ್ತೆಯ ಫೋನು ಬಂತು. “ಏನೇ, ಅಡುಗೆಮನೆ ಕೊಡ ತೇಲ್ಕೊಂಡು ನನ್ನ ನೋಡೋಕೆ ಬಂದಿದೆ. ನಿಮ್ಮ ಮಂಡಳಿ ನೀರು ತಾನೇ? ನಲ್ಲೀಲಿ ಒಂದು ದಿನವೂ ಇಷ್ಟು ಬಂದಿರಲಿಲ್ಲ!”

ಕರಡಮ್ಮ ಸೀರೆ ಎತ್ತಿ ಕಟ್ಟಿ ಓಡಿದಳು. ಬೀದಿಯ ತಲೆಯಲ್ಲಿ ವಾಲ್ವ್‌ಮ್ಯಾನ್ ಕುಕ್ಕರಗಾಲಲ್ಲಿ ಕೂತು ಉದ್ದನೆಯ ಕೀಲಿಯನ್ನು ಒಂದಿಷ್ಟು ತಿರುಗಿಸುತ್ತಿದ್ದ, ಆಮೇಲೆ ಟೀ ಕುಡಿಯುತ್ತಿದ್ದ. ಟೀ ಸೇರುತ್ತಿರಲಿಲ್ಲ ಅವನಿಗೆ, ಆದೇಶಕ್ಕಾಗಿ ಕುಡಿಯುತ್ತಿದ್ದ.

“ಅಣ್ಣಾ, ಬೇಗ ತಿರುಗಿಸಪ್ಪ. ಅತ್ತೆ ಮಂಚದ ಮೇಲಿದ್ದಾರೆ.”

“ನನ್ನ ಕೈಗೇನು ಬೇಗ ಬರಲ್ವಾ ಅಮ್ಮಾ? ಬೇಗ ಮಾಡಿದ ಅಂತ ನಾಳೆ ಯಾರಾದ್ರೂ ಬರೆದುಬಿಟ್ರೆ? ಹೆಂಡ್ತಿ ಮಕ್ಕಳಿರೋನು ನಾನು.”

“ಬರೆಯೋಳು ನಾನೇ ಕಣೋ! ನಾನೇ ಹೇಳ್ತಿದ್ದೀನಿ.”

“ನೀವು ಡ್ಯೂಲಿ ಹೇಳ್ತಿದ್ದೀರಿ” ಎಂದ ಅವನು, ಗೌರವದಿಂದಲೇ.

ಅವಳು ಕೀಲಿಗೆ ಕೈ ಹಾಕಿದಳು. ಕಬ್ಬಿಣ ತಣ್ಣಗಿತ್ತು. ಅಮಾನತಾದ ಜವಾನನ ಮುಖ ಕಣ್ಣ ಮುಂದೆ ಬಂತು. ಕೈ ಹಿಂದಕ್ಕೆ ಬಂತು. ಅದು ತಾನಾಗಿಯೇ ಬಂತೆಂದು ಅವಳು ಆಮೇಲೆ ತನಗೇ ಎಷ್ಟೋ ಸಲ ಹೇಳಿಕೊಂಡಳು.

ಇಡೀ ಮಂಡಳಿಯಲ್ಲಿ ತಕ್ಷಣ ಕೆಲಸ ಮಾಡುವ ಹಕ್ಕಿದ್ದವರು ಒಬ್ಬರೇ. ಒದ್ದೆ ಸೀರೆಯಲ್ಲಿ ಅವಳು ಅಧ್ಯಕ್ಷರ ಕೋಣೆಗೆ ನುಗ್ಗಿದಳು. “ಸಾರ್, ನೀವು ಬಂದು ವಾಲ್ವ್ ತಿರುಗಿಸಬೇಕು. ನಿಮ್ಮನ್ನು ಬಿಟ್ಟರೆ ಯಾರಿಗೂ ಅಧಿಕಾರ ಇಲ್ಲ.”

“ನಾನು ವಾಲ್ವ್ ಮುಟ್ಟೋದೇ? ಆಗಬೇಕಾದ್ದನ್ನ ಬರಕೊಂಡು ಬಾ, ಸಹಿ ಹಾಕ್ತೀನಿ.”

ಕರಡಮ್ಮ ನಿಂತಲ್ಲೇ ಬರೆದಳು: ಅಧ್ಯಕ್ಷರ ಹೆಸರು, ಮುಂದೆ ‘ಪರ್ಸನಲಿ ಅಂಡ್ ಇಮ್ಮೀಡಿಯೆಟ್ಲಿ ಕ್ಲೋಸ್ಡ್ ದ ವಾಲ್ವ್’. ಕ್ರಿಯಾಪದ ಭೂತಕಾಲದಲ್ಲಿತ್ತು. ಹಾಗಾಗಿ ಸಹಿ ಬಿದ್ದ ಕ್ಷಣಕ್ಕೆ ವಾಲ್ವ್ ಮುಚ್ಚಿಹೋಗಿತ್ತು. ವಾಲ್ವ್‌ಮ್ಯಾನ್‌ಗೆ ಸುದ್ದಿ ಮುಟ್ಟಿತು. ಮುಚ್ಚಿದ ವಾಲ್ವನ್ನು ಮತ್ತೆ ಮುಚ್ಚಿದರೆ ಅಧ್ಯಕ್ಷರನ್ನು ಅನುಮಾನಿಸಿದಂತಾಗುತ್ತದೆಂದು ಅವನು ಕೀಲಿ ಹೆಗಲಿಗೇರಿಸಿ ಮನೆಗೆ ಹೋದ.

ನೀರು ಬರುತ್ತಲೇ ಇತ್ತು. ಎಂಜಿನಿಯರು ಬಂದು ಪ್ಯಾಂಟು ಮಡಿಸಿಕೊಂಡು ಸ್ಥಳ ಪರಿಶೀಲಿಸಿದರು. ವಾಲ್ವ್ ಮುಚ್ಚಿರುವುದರಿಂದ ಈ ನೀರು ಮಂಡಳಿಯದಲ್ಲವೆಂದೂ, ಅನಧಿಕೃತ ನೀರು ಇಟ್ಟುಕೊಂಡ ನಿವಾಸಿಗಳು ಕಾರಣ ತಿಳಿಸತಕ್ಕದ್ದೆಂದೂ ನೋಟೀಸು ಅಂಟಿಸಿದರು. ಅಂಟು ಹಿಡಿಯಲಿಲ್ಲ, ನೋಟೀಸು ತೇಲುತ್ತಾ ಮನೆಮನೆಗೂ ಹೋಯಿತು. ಹಾಗಾಗಿ ಎಲ್ಲರಿಗೂ ಜಾರಿಯಾಯಿತು.

ಕರಡಮ್ಮನಿಗೆ ‘ಎಫಿಶಿಯಂಟ್ಲಿ’ ಮಂಜೂರಾಯಿತು. ಮೊಣಕಾಲುದ್ದ ನೀರಿನಲ್ಲಿ ಮನೆಗೆ ಬಂದು, ಅಪರಾಧಿಯ ಹಾಗೆ ಬಾಗಿಲಲ್ಲಿ ನಿಂತಳು. ಅತ್ತೆ ಮಂಚದ ಮೇಲೆ ಮಣೆ, ಮಣೆಯ ಮೇಲೆ ದಿಂಬು ಹಾಕಿಕೊಂಡು ಕೂತಿದ್ದರು.

“ಅತ್ತೆ, ನನ್ನಿಂದ ತಪ್ಪಾಯ್ತು.”

“ತಪ್ಪು ಒಪ್ಪು ಆಮೇಲೆ. ನಿನಗೇನೋ ಹೊಸದು ಕೊಟ್ಟರಂತೆ, ಪಕ್ಕದ ಮನೆಯವಳು ಹೇಳಿದಳು. ನನಗೊಂದು ಇಲ್ವೇನೇ?”

ಕರಡಮ್ಮ ನಗಬೇಕೋ ಅಳಬೇಕೋ ತಿಳಿಯದೆ ಮಂಚದ ಅಂಚಿಗೆ ಒರಗಿದಳು. ಮರುದಿನ ಆದೇಶ ತಂದಳು. ಅತ್ತೆಯ ಹೆಸರು ಇಂಗ್ಲಿಷಿನಲ್ಲಿ, ಮುಂದೆ ‘ಡ್ರೈಲಿ ಸ್ಲೆಪ್ಟ್’. ಅಂದರೆ ಅತ್ತೆ ಒಣದಾಗಿ ಮಲಗಿದರು. ಅಧ್ಯಕ್ಷರ ಸಹಿ, ಮೊಹರು ಎಲ್ಲ ಇತ್ತು.

“ನನ್ನ ಹೆಸರಿನ ಮೊದಲಕ್ಷರ ಎಷ್ಟು ದೊಡ್ಡದಾಗಿ ಹಾಕಿದ್ದಾರೆ!” ಅತ್ತೆ ಕಾಗದವನ್ನು ಎದೆಗೊತ್ತಿಕೊಂಡರು. “ಮೂವತ್ತು ವರ್ಷ ಸಂಸಾರ ಮಾಡಿದೆ. ನಿನ್ನ ಮಾವ ಒಂದು ದಿನವೂ ಹೆಸರು ಹಿಡಿದು ಕರೀಲಿಲ್ಲ.”

ಆ ರಾತ್ರಿ ಅವರು ಒದ್ದೆ ಹಾಸಿಗೆಯಲ್ಲಿ ಗೊರಕೆ ಹೊಡೆದರು. ಬೆಳಗಾಗುವುದರೊಳಗೆ ಬೀದಿಯವರೆಲ್ಲ ನೀರಿನಲ್ಲೇ ಸಾಲುಗಟ್ಟಿ ನಿಂತರು, ಎಲ್ಲರಿಗೂ ಒಂದೊಂದು ‘ಡ್ರೈಲಿ’ ಬೇಕಿತ್ತು. ಕರಡಮ್ಮ ದಕ್ಷತೆಯಿಂದ ಬರೆದುಕೊಟ್ಟಳು. ಕೊನೆಯ ಮನೆಯ ದರ್ಜಿಗೆ ಮಾತ್ರ, ಬಾಡಿಗೆಗಿದ್ದವನಾದ್ದರಿಂದ, ‘ಡ್ಯಾಂಪ್ಲಿ’ ಬಂತು. ಅವನು ಮುಖ ಸಪ್ಪೆ ಮಾಡಿದ.

“ಎಲ್ಲರೂ ಒಂದೇ ಸಲ ಒಣಗೋಕಾಗುತ್ತೇನಯ್ಯಾ?” ಎಂದು ಹಿರಿಯರು ಬುದ್ಧಿ ಹೇಳಿದರು. “ಸರ್ವೀಸ್ ಆಗಲಿ, ನಿನಗೂ ಬರುತ್ತೆ.”

ಮಾತು ನ್ಯಾಯವಾಗಿಯೇ ಇತ್ತು. ದರ್ಜಿ ಪಂಚೆಯನ್ನು ಇನ್ನೊಂದು ಮಡಿಕೆ ಮೇಲೆ ಕಟ್ಟಿಕೊಂಡು, ಆದೇಶವನ್ನು ತಲೆಯ ಮೇಲೆ ಹಿಡಿದು, ಮನೆಯ ಕಡೆಗೆ ಈಜಿದ.