ಬಚ್ಚಲಲ್ಲಿ ಎರಡು ಹಿಡಿಕೆ

ಜನ ತಮ್ಮ ದೊಡ್ಡಸ್ತಿಕೆ ತೋರಿಸಲು ಪಡಸಾಲೆಯಲ್ಲಿ ಸೋಫಾ ಹಾಕಿಸುತ್ತಾರೆ, ಬಾಗಿಲ ಮುಂದೆ ಕಾರು ನಿಲ್ಲಿಸುತ್ತಾರೆ. ನಾನು ಮಾತ್ರ ನನ್ನ ದೊಡ್ಡಸ್ತಿಕೆಯನ್ನು ಬಚ್ಚಲಲ್ಲಿ ಇಟ್ಟಿದ್ದೆ. ಅದರಿಂದ ಒಂದು ತೊಂದರೆ ಏನೆಂದರೆ, ಮನೆಗೆ ಬೀಗರು ಬಂದರೆ ಅವರನ್ನು ಬಚ್ಚಲಿಗೆ ಕರೆದೊಯ್ದು, ದೀಪ ಹಾಕಿ, "ನೋಡ್ರಿ" ಎನ್ನಬೇಕಾಗುತ್ತಿತ್ತು. ಹಾಗೆ ಕರೆದೊಯ್ದದ್ದೂ ಉಂಟು. ಇವನಿಗೆ ಹೆಣ್ಣು ಕೊಟ್ಟವರ ಗತಿ ಏನೋ ಎಂಬಂತೆ ಅವರು ನನ್ನ ಹೆಂಡತಿ ಸುಮಿತ್ರಾಳ ಮುಖ ನೋಡಿದ್ದೂ ಉಂಟು.

ಬೈಲಹೊಂಗಲದಲ್ಲಿ ಈ ಮನೆ ಕಟ್ಟಿಸುವಾಗ ನಾನು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೆಳಗಾವಿಯಲ್ಲಿ ಯಾವುದೋ ಹಳೆಯ ಲಾಡ್ಜು ಕೆಡವುತ್ತಿದ್ದಾರೆ, ಸಾಗವಾನಿ ಬಾಗಿಲು ಅಗ್ಗಕ್ಕೆ ಸಿಗುತ್ತವೆ ಎಂದು ಯಾರೋ ಹೇಳಿದರು. ಬಾಗಿಲು ತರಲು ಹೋದವನು ಬಾತ್‌ಟಬ್ ತಂದೆ. ಬಿಳಿಯದು, ಉದ್ದನೆಯದು, ಒಳಗೆ ಮಲಗಿದರೆ ರಾಜನಾಗುತ್ತೇನೆ ಅನ್ನಿಸುವಂಥದು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಬರುವಾಗ ನೇಸರಗಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅಲ್ಲಿದ್ದ ಹಿರಿಯರೊಬ್ಬರು ಅದರ ಅಂಚನ್ನು ಬೆರಳಿನಿಂದ ತಟ್ಟಿ ನೋಡಿ, "ದನಾ ಎಷ್ಟ ಅದಾವ್ರಿ ನಿಮ್ಮ ಮನ್ಯಾಗ?" ಎಂದು ಕೇಳಿದರು. ನಾನು ಚಹಾ ಅರ್ಧಕ್ಕೇ ಬಿಟ್ಟು ಟ್ರ್ಯಾಕ್ಟರು ಹತ್ತಿದೆ.

ಅದರಲ್ಲಿ ನಾನು ರಾಜನಾಗಿ ಮಲಗಿದ್ದು ಒಮ್ಮೆ ಮಾತ್ರ. ಹಂಡೆಯ ನೀರೆಲ್ಲ ಸುರಿದರೂ ಬೆನ್ನು ತೊಯ್ದು ಹೊಟ್ಟೆ ಒಣಗೇ ಉಳಿಯಿತು. ನಳಕ್ಕೆ ನೀರು ಬರುವುದು ಎಂಟು ದಿನಕ್ಕೊಮ್ಮೆ ಎಂಬುದನ್ನು ಗಣಿತದ ಮಾಸ್ತರನಾದ ನಾನೇ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಚ್ಚಲೋ ಚಿಕ್ಕದು, ಟಬ್ಬು ಅದನ್ನೆಲ್ಲ ನುಂಗಿಬಿಟ್ಟಿತ್ತು. ಹಾಗಾಗಿ ಟಬ್ಬಿನೊಳಗೆ ಬಕೆಟ್ ಇಟ್ಟು, ಬಕೆಟಿನ ಪಕ್ಕ ನಾವು ನಿಂತು, ಚರಗಿಯಿಂದ ನೀರು ಹಾಕಿಕೊಂಡು ಜಳಕ ಮಾಡುವುದು ನಮ್ಮ ಮನೆಯ ಪದ್ಧತಿಯಾಯಿತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅವ್ವ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತುವಾಗ ಟಬ್ಬಿಗೂ ಬರೆಯುತ್ತಿದ್ದಳು. ಬಳ್ಳಿ ಹಿಡಿದು ಪ್ರತಿ ವರ್ಷ ಅದೇ ಮಾತು: "ಇದಕ್ಕ ಕೊರಳ ಎಲ್ಲೈತೋ?"

ಅವ್ವನಿಗೆ ಈಗ ಎಂಬತ್ತನಾಲ್ಕು. ಆಕೆಯ ದಿನಚರಿಯಲ್ಲಿ ಮೊದಲು ಜಳಕ, ಆಮೇಲೆ ಲಿಂಗಪೂಜೆ, ಆಮೇಲೆ ಬಾಯಿಗೆ ನೀರು. ಕಳೆದ ಚಳಿಗಾಲದ ಒಂದು ಮುಂಜಾನೆ ಒಂದು ಕಾಲು ಟಬ್ಬಿನ ಒಳಗೆ, ಒಂದು ಕಾಲು ಹೊರಗೆ ಇಟ್ಟ ಅವ್ವನಿಗೆ ಆ ಕಡೆ ಹೋಗಲೂ ಆಗಲಿಲ್ಲ, ಈ ಕಡೆ ಬರಲೂ ಆಗಲಿಲ್ಲ. ಮೊಣಕಾಲು ಹಿಡಿದುಬಿಟ್ಟಿತ್ತು. ಕೂಗಿದ್ದರೆ ನಾನು ಓಡಿ ಹೋಗುತ್ತಿದ್ದೆ. ಆಕೆ ಕೂಗಲಿಲ್ಲ. ಗೋಡೆ ಹಿಡಿದು ಎಷ್ಟೋ ಹೊತ್ತು ಹಾಗೇ ನಿಂತಿದ್ದಾಳೆ. ಕೊನೆಗೆ ಸುಮಿತ್ರಾ ಹೋಗಿ ಇಳಿಸಿಕೊಂಡಳು. ನಾನು ಆಗ ಪೇಪರು ಓದುತ್ತಿದ್ದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

"ನಾಳಿಂದ ನಾ ಎರೀತೇನ್ರಿ ಅತ್ತಿ" ಎಂದಳು ಸುಮಿತ್ರಾ.

"ನಾ ಏನ ಹಸುಗೂಸ ಅಲ್ಲವ್ವಾ. ಬಾಗಲಾ ಹಾಕ್ಕೊಂಡು ನಾನ ಮಾಡ್ತೇನಿ. ಆಗದಿದ್ರ ಬ್ಯಾಡ" ಎಂದಳು ಅವ್ವ.

ಆಗದಿದ್ದರೆ ಬ್ಯಾಡ ಎಂದರೆ ಜಳಕ ಬೇಡ, ಪೂಜೆ ಬೇಡ, ಊಟವೂ ಬೇಡ. ಮರುದಿನ ಮಧ್ಯಾಹ್ನದವರೆಗೂ ಆಕೆ ಏನೂ ತಿನ್ನಲಿಲ್ಲ. ಕೊನೆಗೆ ಹಿತ್ತಲಲ್ಲಿ ಸೀರೆಯ ಮರೆ ಕಟ್ಟಿಕೊಟ್ಟೆವು. ಆ ಚಳಿಗಾಳಿಯಲ್ಲಿ ಎಂಬತ್ತನಾಲ್ಕರ ಮುದುಕಿ ನಡುಗುತ್ತ ಜಳಕ ಮಾಡುವುದನ್ನು ಕೇಳಿಸಿಕೊಂಡ ಮೇಲೆ ನಾನು ಗಾರೆ ಕೆಲಸದ ಗೌಂಡಿ ಯಲ್ಲಪ್ಪನ ಮನೆಗೆ ಓಡಿದೆ.

ಯಲ್ಲಪ್ಪ ಬಂದು ಟಬ್ಬು ನೋಡಿ ನಕ್ಕ. ನಗುವುದನ್ನು ಮುಗಿಸಿ ಕೆಲಸದ ಮಾತಿಗೆ ಬಂದ. ನನ್ನದು ಪಿಂಚಣಿಯ ಬದುಕು. ಅಂಗಡಿಯವರು ತೋರಿಸಿದ ಗಾಜಿನ ಗೋಡೆಯ ಶವರಿನ ಬೆಲೆ ಕೇಳಿ ಬಂದು ಮಲಗಿಬಿಟ್ಟಿದ್ದೆ. ಯಲ್ಲಪ್ಪ ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದಿ ಫರಸಿ ಕಲ್ಲು ತೋರಿಸಿ, "ಸರ್, ಇದನ್ನ ಉಲ್ಟಾ ಹಾಸೂನ್ರಿ. ಖರಖರಾ ಬಾಜೂ ಮ್ಯಾಲ ಇರ್ಲಿ, ಆಯಿ ಕಾಲ ಜಾರೂದಿಲ್ಲ. ಟಬ್ಬಾ, ಹೊಸ್ತಿಲಾ ಎರಡೂ ತಗದ ಒಗಿಯೂನು. ಕುಂದ್ರಾಕ ಒಂದ ಕಟ್ಟಿ, ಕೈಯಾಗ ಹಿಡಿಯೂ ಶವರ್. ಮುಗೀತು" ಎಂದ. ಫರಸಿ ಉಲ್ಟಾ ಹಾಸಿದರೆ ನೋಡಿದವರು ಏನಂದಾರು ಎಂದೆ. "ಬಚ್ಚಲಾ ಯಾರ ನೋಡ್ತಾರ್ರಿ?" ಎಂದು ಕೇಳಿದ. ಬೀಗರ ವಿಷಯ ಅವನಿಗೆ ಗೊತ್ತಿರಲಿಲ್ಲ.

ಹಿಡಿದುಕೊಳ್ಳಲು ನಳದ ಪೈಪಿನ ಹಿಡಿಕೆ ಕೂರಿಸುವುದೆಂದಾಯಿತು. ನಾನು ಟೇಪು ಹಿಡಿದು, ನನ್ನ ಎದೆಯ ಎತ್ತರಕ್ಕೆ ಗುರುತು ಮಾಡಿದೆ. ಯಲ್ಲಪ್ಪ ಅದನ್ನು ಒರೆಸಿಹಾಕಿದ. "ಜಳಕಾ ಮಾಡಾವರು ಆಯಿ. ಅಳತಿ ನಿಮ್ಮದ್ಯಾಕ ಬೇಕ್ರಿ? ಅವರನ್ನ ಕರೀರಿ." ಅವ್ವ ಬಂದು ಹೊಸ ಕಟ್ಟೆಯ ಮೇಲೆ ಕೂತಳು. ಯಲ್ಲಪ್ಪ ಸುಣ್ಣದ ಡಬ್ಬಿ ಮುಂದೆ ಹಿಡಿದು, "ಆಯಿ, ಏಳೂವಾಗ ಕೈ ಎಲ್ಲಿ ಹೋಗ್ತೈತಿ ಅಲ್ಲಿ ಒಂದ ಅಚ್ಚ ಒತ್ರಿ" ಎಂದ. ಅವ್ವ ಕೈ ಅದ್ದಿ, ಏಳುತ್ತ ಗೋಡೆಗೆ ಒತ್ತಿದಳು. ನಾನು ಗುರುತು ಮಾಡಿದ್ದಕ್ಕಿಂತ ಬಹಳ ಕೆಳಗೆ ಒಂದು ಪುಟ್ಟ ಬಿಳಿ ಅಂಗೈ ಮೂಡಿತು. ಆಮೇಲೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತುದಿಗಾಲಲ್ಲಿ ನಿಂತು, ಮೇಲೆ ಇನ್ನೊಂದು ಅಚ್ಚು ಒತ್ತಿದಳು.

"ತಮ್ಮಾ, ಇಲ್ಲೂ ಒಂದ ಹಾಕ."

"ಅವ್ವಾ, ಅಲ್ಲಿ ನಿನಗ ಕೈ ನಿಲ್ಲಂಗಿಲ್ಲ. ಸುಮ್ನ ಖರ್ಚು" ಎಂದೆ ನಾನು.

"ಟಬ್ಬಾ ತರೂವಾಗ ನನ್ನ ಕೇಳಿದ್ಯೇನು?" ಎಂದಳು ಅವ್ವ.

ಆದರೂ ಆ ಎರಡನೆಯ ಹಿಡಿಕೆಯ ಬಗ್ಗೆ ನಾನು ಇಡೀ ದಿನ ಗೊಣಗಿದೆ. ಯಲ್ಲಪ್ಪ ಕಿವುಡನಾಗಿ ಎರಡನ್ನೂ ಕೂರಿಸಿದ.

ನಾಲ್ಕು ದಿನದ ಕೆಲಸ ಮುಗಿದು, ಸಿಮೆಂಟು ಒಣಗಿ, ಅವ್ವ ಒಳಗೆ ಹೋಗಿ ಚಿಲಕ ಹಾಕಿಕೊಂಡ ಮುಂಜಾನೆ ನಾನು, ಸುಮಿತ್ರಾ ಇಬ್ಬರೂ ಬಾಗಿಲ ಹೊರಗೆ ನಿಂತಿದ್ದೆವು. ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಕೂಗೋಣವೆಂದರೆ ಸುಮಿತ್ರಾ ಬಾಯಿ ಮೇಲೆ ಬೆರಳಿಟ್ಟಳು. ಕಡೆಗೆ ಅವ್ವ ಹೊಸ ಮದುವಣಗಿತ್ತಿಯ ಕಳೆಯಲ್ಲಿ ಹೊರಬಂದಳು. ಮಾಳಿಗೆ ಮೇಲಿನ ನೀರಿನ ಟಾಕಿ ಪೂರ್ತಿ ಖಾಲಿಯಾಗಿತ್ತು. ನೀರಿನ ಲೆಕ್ಕ ನಾಳೆ ನೋಡಿಕೊಳ್ಳೋಣವೆಂದುಕೊಂಡೆ. ಆ ದಿನ ಆಕೆ ಪೂಜೆ ಮುಗಿಸಿ ಎರಡು ರೊಟ್ಟಿ ಉಂಡಳು. ಯಲ್ಲಪ್ಪನ ಕೈಗೆ ಬಂಗಾರದ ಕಡಗ ತೊಡಿಸಬೇಕು ಅನ್ನಿಸಿತು. ಸದ್ಯಕ್ಕೆ ಒಂದು ಧೋತರ ಕೊಟ್ಟೆ.

ಟಬ್ಬು ಈಗ ದೊಡವಾಡದಲ್ಲಿ ಸುಮಿತ್ರಾಳ ತಮ್ಮನ ಹೊಲದಲ್ಲಿದೆ. ಅಲ್ಲಿ ಎಮ್ಮೆಗಳು ಅದರಲ್ಲಿ ನೀರು ಕುಡಿಯುತ್ತವೆ. ನೇಸರಗಿಯ ಆ ಹಿರಿಯರ ಪ್ರಶ್ನೆಗೆ ಇಷ್ಟು ವರ್ಷದ ಮೇಲೆ ಉತ್ತರ ಸಿಕ್ಕಿದೆ: ನಾಲ್ಕು.

ಹೋದ ತಿಂಗಳು ಒಂದು ದಿನ ಬಿ.ಪಿ. ಗುಳಿಗೆ ನುಂಗುವುದನ್ನು ಮರೆತು ಜಳಕಕ್ಕೆ ಹೋಗಿದ್ದೆ. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ್ದೆನೋ ಇಲ್ಲವೋ, ತಲೆ ಗಿರ್ರೆಂದಿತು. ಚರಗಿ ಕೈಬಿಟ್ಟು ಢಣ್ಣೆಂದು ಬಿತ್ತು. ಕೈ ತಾನಾಗಿ ಚಾಚಿತು. ಚಾಚಿದಲ್ಲಿ, ಸರಿಯಾಗಿ ನನ್ನ ಎದೆಯ ಎತ್ತರದಲ್ಲಿ, ತಣ್ಣನೆಯ ಪೈಪು ಸಿಕ್ಕಿತು. ಅದನ್ನು ಅಪ್ಪಿಕೊಂಡು ನಿಂತೆ.

ಹೊರಗಿನಿಂದ ಅವ್ವನ ದನಿ. "ಏನಾತೋ?"

"ಏನಿಲ್ಲವ್ವಾ. ಚರಗಿ ಬಿತ್ತು."

"ಚರಗಿ ಬೀಳ್ಲಿ. ನೀ ಮ್ಯಾಲಿಂದು ಹಿಡಕೊಂಡೀಯಿಲ್ಲೋ?"

"ಹಿಡಕೊಂಡೇನಿ."

"ಗಟ್ಟಿ ಹಿಡಕೋ. ಅದು ನಿಂದ."

ಅರವತ್ತಮೂರರ ನಿವೃತ್ತ ಮಾಸ್ತರ ಮೈತುಂಬ ನೊರೆ ಮಾಡಿಕೊಂಡು, ತಾನೇ ದಂಡ ಎಂದಿದ್ದ ಪೈಪಿಗೆ ಜೋತುಬಿದ್ದು ಎಷ್ಟೋ ಹೊತ್ತು ನಿಂತಿದ್ದ. ಹೊರಗೆ ಬಂದಾಗ ಸುಮಿತ್ರಾ, "ಕಣ್ಣ ಯಾಕ ಕೆಂಪಾಗ್ಯಾವ್ರಿ?" ಎಂದು ಕೇಳಿದಳು. ಸಾಬೂನಿನ ಮೇಲೆ ಹೇಳಿ ಪಾರಾದೆ.